ಲಿಫ್ಟಣ್ಣ ಅಡುಗೆಗೆ ನಿಂತ ವಾರ

ಲಿಫ್ಟಣ್ಣನ ಅರ್ಧ ಆಯುಷ್ಯ ಕೆಟ್ಟುಹೋದ ಲಿಫ್ಟುಗಳ ಜೊತೆಯಲ್ಲೇ ಕಳೆದಿತ್ತು. ಬಟ್ಟೆ ಅಂಗಡಿಯಿರಲಿ, ಆಸ್ಪತ್ರೆಯಿರಲಿ, ವಕೀಲರ ಕಚೇರಿಯಿರಲಿ, ಎಲ್ಲಿ ಬಾಗಿಲು ಮುಚ್ಚಲೊಲ್ಲೆ ಎಂದು ಹಟ ಹಿಡಿಯಿತೋ, ಎಲ್ಲಿ ಎರಡು ಮಹಡಿಗಳ ನಡುವೆ ತ್ರಿಶಂಕುವಿನಂತೆ ನಿಂತುಬಿಟ್ಟಿತೋ, ಅಲ್ಲಿಗೆ ಅವನ ಚೀಲ ಹೊರಡಬೇಕು. ಇಂಥವನು ವಾಸವಿದ್ದ ಕಟ್ಟಡದ ಲಿಫ್ಟೇ ಆ ವಾರ ಕೆಟ್ಟು ಕೂತಿತ್ತು. ಅವನ ಮನೆಯೋ ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ಮೇಲೆ ಎದುರಾದವರೆಲ್ಲ ಏದುಸಿರು ಬಿಡುತ್ತಾ ಕೇಳುವುದು ಒಂದೇ ಮಾತು.

"ಏನ್ ಲಿಫ್ಟಣ್ಣ, ನೀವಿದ್ದೂ ನಮಗೆ ಈ ಗತಿನಾ?"

"ಇದು ಬೇರೆ ಕಂಪನಿ ಲಿಫ್ಟು. ನಾನು ಮುಟ್ಟಿದ್ರೆ ನನ್ನ ಕೆಲಸಕ್ಕೇ ಕುತ್ತು," ಎಂದು ಮೊದಲ ದಿನ ನಿಂತು ವಿವರವಾಗಿ ಹೇಳಿದ. ಮರುದಿನ ಅರ್ಧ ಹೇಳಿದ. ಆಮೇಲೆ ಮಾತಿಲ್ಲ, ಹೆಗಲ ಮೇಲಿದ್ದ ಚೀಲವನ್ನು ಸ್ವಲ್ಪ ಎತ್ತಿ ತೋರಿಸಿ, ನಿಮಗಿಂತ ನನ್ನ ಹೊರೆಯೇ ಹೆಚ್ಚು ಎನ್ನುವಂತೆ ಮುಖ ಮಾಡಿ ಹತ್ತಿಬಿಡುತ್ತಿದ್ದ.

ಆದರೆ ಅವನ ಆ ವಾರವನ್ನು ಕೆಡಿಸಿದ್ದು ಲಿಫ್ಟಲ್ಲ, ಅಡುಗೆಮನೆ.

ಅವನ ಹೆಂಡತಿ ಪರದೆ ಹೊಲಿಯುವವಳು. ಮನೆ ಅಲಂಕಾರದ ಅಂಗಡಿಯೊಂದಕ್ಕೆ ಕಿಟಕಿ ಪರದೆ, ದಿಂಬಿನ ಗವುಸು ಹೊಲಿದು ಕೊಡುತ್ತಿದ್ದಳು. ಹಾಲಿನ ಕಿಟಕಿಯ ಪಕ್ಕದಲ್ಲಿ ಅವಳ ಹೊಲಿಗೆ ಮಷಿನ್ನು, ಅದರ ಸುತ್ತ ಬಟ್ಟೆಯ ಗುಡ್ಡ. ಒಂದಷ್ಟು ಕಾಲದಿಂದ ಬಲಗಣ್ಣಿಗೆ ಮಂಜು ಕವಿದಂತಾಗಿ, ಸೂಜಿಗೆ ದಾರ ಪೋಣಿಸಲು ಮಗಳನ್ನು ಕೂಗುವಂತಾಗಿತ್ತು. ಎಡಗಣ್ಣು ಮೊದಲಿನಿಂದಲೂ ಮಂದ. ಪೊರೆ ಬಂದಿದೆ ಎಂದರು ಡಾಕ್ಟರು. ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಕಪ್ಪು ಕನ್ನಡಕ ಕೊಟ್ಟು, ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಬಾರದು, ಒಲೆಯ ಕಡೆ ಸುಳಿಯಲೇಬಾರದು ಎಂದು ಪಥ್ಯ ಹೇಳಿದರು.

"ಒಲೆ ಹತ್ರ ಹೋಗದೆ ಇದ್ರೆ ಊಟ?" ಎಂದು ಅವಳು ಡಾಕ್ಟರನ್ನೇ ಕೇಳಿದಳು.

ಡಾಕ್ಟರು ಲಿಫ್ಟಣ್ಣನ ಕಡೆ ನೋಡಿದರು. ಲಿಫ್ಟಣ್ಣ ತನ್ನ ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ.

ಮನೆಯಲ್ಲಿ ಇನ್ನೊಬ್ಬಳಿದ್ದಳು, ಮಗಳು. ಅವಳಿಗೆ ಅದೇ ವಾರ ಕಾಲೇಜಿನ ಪರೀಕ್ಷೆ. "ನಾನು ಮಾಡ್ತೀನಿ ಬಿಡಪ್ಪ," ಎಂದು ಬಾಯಿಮಾತಿಗಾದರೂ ಹೇಳಿದಳು.

"ನೀನು ಓದ್ಕೋ ಹೋಗಮ್ಮ. ಇಡೀ ಕಟ್ಟಡ ಮೇಲೆ ಕೆಳಗೆ ಓಡಿಸೋನಿಗೆ ಒಂದು ಒಲೆ ದೊಡ್ಡದಾ?" ಎಂದ ಲಿಫ್ಟಣ್ಣ. ಮಾತು ಆಡಿದರೆ ಹೋಯಿತು. ಆ ಮಾತನ್ನು ವಾಪಸು ನುಂಗುವ ಅವಕಾಶ ಅವನಿಗೆ ಮತ್ತೆ ಸಿಗಲಿಲ್ಲ.

ಗ್ರಹಚಾರಕ್ಕೆ ಅವನ ಜೊತೆಯ ಮೆಕ್ಯಾನಿಕ್ಕು ಅದೇ ವಾರ ಸೊಂಟ ಹಿಡಿದುಕೊಂಡು ಮಲಗಿದ. ಅವನ ಪಾಲಿನ ಕಟ್ಟಡಗಳೂ ಲಿಫ್ಟಣ್ಣನ ತಲೆಗೇ ಬಂದವು. ಬೆಳಗ್ಗೆ ಆಸ್ಪತ್ರೆಯ ಲಿಫ್ಟಿನ ಬಾಗಿಲ ಸಂದಿಯಿಂದ ಚೂಯಿಂಗ್ ಗಮ್ ಕೆರೆದು ತೆಗೆಯುವುದು, ಮಧ್ಯಾಹ್ನ ಯಾವುದೋ ನೆಲಮಾಳಿಗೆಯ ಗುಂಡಿಗಿಳಿದು ನಿಂತ ನೀರು ಎತ್ತುವುದು, ಸಂಜೆ ಟೆರೇಸಿನ ಮಷಿನ್ ರೂಮಿನಲ್ಲಿ ಬೆವರು ಸುರಿಸುತ್ತಾ ಬ್ರೇಕು ಬಿಗಿಮಾಡುವುದು. ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ಗ್ರೀಸು, ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಅಂಥ ಕಾಲಲ್ಲಿ ಅಷ್ಟೂ ಮಹಡಿ ಹತ್ತಿ ಬಂದು ಒಲೆ ಹಚ್ಚಬೇಕು.

ಮೊದಲ ದಿನ ಬ್ರೆಡ್ಡು ಮತ್ತು ಮೊಟ್ಟೆ. ಎರಡನೇ ದಿನ ಮೊಟ್ಟೆ ಮತ್ತು ಬ್ರೆಡ್ಡು. ಆಮೇಲೊಂದು ದಿನ ತರಕಾರಿ ಸೂಪು ಮಾಡಲು ಹೋದ. ಅದನ್ನು ಬಾಯಿಗಿಟ್ಟುಕೊಂಡು ಮಗಳು ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಹೆಂಡತಿ ಮಾತ್ರ ಕಪ್ಪು ಕನ್ನಡಕದ ಹಿಂದಿನಿಂದ ಅವನ ಕಡೆ ತಿರುಗಿದಳು.

"ರೀ, ದಿನಾ ಹೀಗೆ ಸಾಯೋದ್ಯಾಕೆ? ಒಂದು ಸಲ ಟ್ರೇ ಪಾಸ್ತಾ ಮಾಡಿಬಿಡಿ. ತರಕಾರಿ, ಪಾಸ್ತಾ, ಬಿಳಿ ಸಾಸು, ಮೇಲೆ ಚೀಸು. ಎಲ್ಲ ಟ್ರೇಗೆ ಸುರಿದು ಓವನ್ನಿಗೆ ತಳ್ಳಿದ್ರೆ ಆಯ್ತು. ಮೂರು ದಿನ ಕೊಯ್ಕೊಂಡು ಕೊಯ್ಕೊಂಡು ತಿನ್ನಬಹುದು. ಬಿಸಿ ಮಾಡೋದಷ್ಟೇ ಕೆಲಸ."

ಕೆಲಸ ಜಾಸ್ತಿ ಇದ್ದ ವಾರಗಳಲ್ಲಿ, ಪರದೆಗಳ ಗುಡ್ಡ ಮುಗಿಯದಿದ್ದಾಗ, ಅವಳು ಅದನ್ನು ಮಾಡುತ್ತಿದ್ದುದು ಲಿಫ್ಟಣ್ಣನಿಗೆ ಗೊತ್ತಿತ್ತು. ಓವನ್ನಿನಿಂದ ಹೊರಬರುವಾಗ ಮೇಲೆ ಹೊಂಬಣ್ಣದ ಹೊದಿಕೆ, ಒಳಗೆ ಕುದಿಯುವ ಸದ್ದು. ಮೂರು ದಿನದ ಊಟ ಒಂದೇ ಏಟಿಗೆ ಎಂಬ ಮಾತು ಅವನ ಕಿವಿಗೆ ಸಕ್ಕರೆ ಸುರಿದಂತಾಯಿತು. ಅವಳು ಬೇಕಾದ ಸಾಮಾನನ್ನೆಲ್ಲ ಬಾಯಲ್ಲೇ ಹೇಳಿದಳು. ಅವನು ಹೂಂ ಹೂಂ ಎಂದ.

ಮಾರನೆಯ ಸಂಜೆ ಎರಡೂ ಕೈಯಲ್ಲಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದು ಮೇಜಿನ ಮೇಲೆ ಎಲ್ಲವನ್ನೂ ಇಳಿಸಿದ. ಹೆಂಡತಿ ಒಂದೊಂದನ್ನೇ ಮುಟ್ಟಿ ನೋಡಿದಳು. ಪಾಸ್ತಾ ಪ್ಯಾಕೆಟ್ಟಿನ ಮೇಲೆ ಬೆರಳು ಹೋದಾಗ ನಿಂತಳು.

"ಇದೇನ್ರೀ, ಕಡ್ಡಿ ಥರ ಉದ್ದ ಇದೆ? ಚಿಕ್ಕ ಚಿಕ್ಕ ಕೊಳವೆ ಥರದ್ದು ಅಂದಿದ್ನಲ್ಲ."

"ಕೊಳವೆ ಉದ್ದ ಇರಲ್ವಾ? ನಾನು ನೋಡಿರೋ ಕೊಳವೆ ಎಲ್ಲಾ ಉದ್ದವೇ."

"ಚೀಸು?"

ಚೀಸು ಅಂಗಡಿಯಲ್ಲೇ ಉಳಿದಿತ್ತು. ದುಡ್ಡು ಕೊಟ್ಟು, ಕೌಂಟರಿನ ಮೇಲೆ ಇಟ್ಟು, ಸೂಪರ್‌ವೈಸರನ ಫೋನು ಬಂತೆಂದು ಮಾತಾಡುತ್ತಾ ಬಂದುಬಿಟ್ಟಿದ್ದ. ಲಿಫ್ಟಣ್ಣ ಒಂದು ನಿಮಿಷ ಮೆಟ್ಟಿಲ ಕಡೆ ನೋಡಿದ. ಆಮೇಲೆ ಇಳಿದ. ಪಾಸ್ತಾ ಬದಲಾಯಿಸಿಕೊಂಡು, ಚೀಸು ಹಿಡಿದುಕೊಂಡು ಮತ್ತೆ ಹತ್ತಿ ಬರುವಷ್ಟರಲ್ಲಿ ಅವನಿಗೆ ಅಡುಗೆಯಿರಲಿ, ಉಣ್ಣುವ ಶಕ್ತಿಯೂ ಉಳಿದಿರಲಿಲ್ಲ. ಆ ದಿನವೂ ಬ್ರೆಡ್ಡೇ ಆಯಿತು.

ಆ ಫೋನಿನ ವಿಷಯವೂ ಸಣ್ಣದಲ್ಲ. ಗುರುವಾರ ಹೆಂಡತಿಯನ್ನು ಕಣ್ಣಿನ ತಪಾಸಣೆಗೆ ಕರೆದೊಯ್ಯಬೇಕಿತ್ತು. ಅದಕ್ಕೆ ರಜೆ ಕೇಳಿದ್ದ. ಸೂಪರ್‌ವೈಸರ್ ಅವನಿಗಿಂತ ಎಷ್ಟೋ ಚಿಕ್ಕವನು, ಮಾತು ಮಾತ್ರ ಬೆಣ್ಣೆ.

"ಅಣ್ಣಾ, ನಿಮ್ಮ ಕಷ್ಟ ನನಗೆ ಗೊತ್ತಾಗಲ್ವಾ? ಆದ್ರೆ ಗುರುವಾರ ಯಾರಿದಾರೆ ಹೇಳಿ. ಮುಂದಿನ ವಾರ ಬೇಕಾದ್ರೆ ಎರಡು ದಿನ ತಗೊಳ್ಳಿ."

"ಮುಂದಿನ ವಾರಕ್ಕೆ ಕಣ್ಣು ಕಾಯಲ್ಲಪ್ಪ."

"ಮಗಳು ಇದಾಳಲ್ಲಣ್ಣ."

ಮಗಳಿಗೆ ಗುರುವಾರವೇ ಪರೀಕ್ಷೆ. ಅದನ್ನು ಹೇಳಿದರೂ ಸೂಪರ್‌ವೈಸರ್ ಅಣ್ಣಾ ಅಣ್ಣಾ ಎನ್ನುತ್ತಲೇ ಫೋನಿಟ್ಟ. ಲಿಫ್ಟಣ್ಣ ಬೂಟು ಬಿಚ್ಚುತ್ತಾ ಹೆಂಡತಿಗೆ ವಿಷಯ ಹೇಳಿದ.

"ನಾನೇ ಟ್ಯಾಕ್ಸಿ ಮಾಡ್ಕೊಂಡು ಹೋಗ್ತೀನಿ ಬಿಡಿ. ಅದೇನು ಮಹಾ," ಎಂದಳು ಅವಳು. ಬೇಗ ಹೇಳಿಬಿಟ್ಟಳು. ಆ ರಾತ್ರಿ ಕಣ್ಣಿಗೆ ಔಷಧಿ ಹಾಕಿಸಿಕೊಳ್ಳುವಾಗ ದಿಂಬನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಲಿಫ್ಟಣ್ಣ ಅದನ್ನು ನೋಡಿದ. ಆದರೆ ಆ ದಣಿವಿನಲ್ಲಿ ನೋಡಿದ್ದು ಕಣ್ಣಿನಿಂದ ಮುಂದೆ, ತಲೆಯವರೆಗೆ ಹೋಗಲಿಲ್ಲ.

ಬುಧವಾರ ಬಂದೇ ಬಂತು. ಇವತ್ತು ಏನಾದರಾಗಲಿ ಟ್ರೇ ಓವನ್ನಿಗೆ ಹೋಗಲೇಬೇಕು ಎಂದು ಹಲ್ಲು ಕಚ್ಚಿ ಲಿಫ್ಟಣ್ಣ ಕೈಕಾಲು ತೊಳೆದು ಅಡುಗೆಮನೆ ಹೊಕ್ಕ. ಹೆಂಡತಿ ಹಾಲಿನಲ್ಲಿ, ಅಡುಗೆಮನೆಯ ಬಾಗಿಲಿಗೆ ನೇರವಾಗಿ ಕುರ್ಚಿ ಹಾಕಿಸಿಕೊಂಡು ಕೂತಳು. ಒಳಗೆ ಬರುವಂತಿಲ್ಲ, ಆದರೆ ಬಾಯಿಗೆ ಡಾಕ್ಟರು ಪಥ್ಯ ಹೇಳಿರಲಿಲ್ಲ.

ಮೊದಲ ತೊಡಕು ಓವನ್ನೇ. ಬಾಗಿಲು ತೆರೆದರೆ ಒಳಗೆ ಬಾಣಲೆ, ಅದರೊಳಗೆ ಇನ್ನೊಂದು ಬಾಣಲೆ, ಅದರೊಳಗೆ ಮುಚ್ಚಳಗಳ ಸಂಸಾರ. ಬೇರೆ ದಿನ ಅದು ಪಾತ್ರೆಗಳ ಗೋದಾಮು. ಎಲ್ಲವನ್ನೂ ಇಳಿಸಿ ನೆಲದ ಮೇಲೆ ಇಟ್ಟ. ಆಮೇಲೆ ಅವನ್ನೇ ದಾಟಿಕೊಂಡು ಓಡಾಡಬೇಕಾಯಿತು. ಉರಿ ತಿರುಗಿಸುವ ಗುಬುಟಿನ ಮೇಲಿನ ಅಂಕೆಗಳು ಉಜ್ಜಿ ಉಜ್ಜಿ ಅಳಿಸಿಹೋಗಿದ್ದವು.

"ಇದನ್ನ ಎಷ್ಟಕ್ಕಿಡ್ಲಿ?"

"ನೀವು ಆಸ್ಪತ್ರೆ ದಿಕ್ಕಿಗೆ ತಿರುಗಿಸಿ, ಆಮೇಲೆ ಒಂಚೂರು ಹಿಂದೆ."

"ಆಸ್ಪತ್ರೆ ದಿಕ್ಕು ಅಂದ್ರೆ?"

"ಕಿಟಕೀಲಿ ಆಸ್ಪತ್ರೆ ಕಾಣುತ್ತಲ್ರೀ, ಆ ಕಡೆ. ನಾನು ಯಾವಾಗ್ಲೂ ಅಷ್ಟಕ್ಕೇ ಇಡೋದು."

ಲಿಫ್ಟಿನಲ್ಲಿ ಎಲ್ಲಕ್ಕೂ ಒಂದು ಅಳತೆ ಇರುತ್ತದೆ. ಇಷ್ಟು ತೂಕ, ಇಷ್ಟು ವೇಗ, ಬಾಗಿಲಿಗೂ ಗೋಡೆಗೂ ನಡುವೆ ಇಷ್ಟೇ ಸಂದು. ಆ ಲೋಕದಿಂದ ಬಂದವನಿಗೆ ಹೆಂಡತಿಯ ಅಡುಗೆಮನೆ ಬೇರೆ ರಾಜ್ಯದಂತೆ ಕಂಡಿತು. ಅಲ್ಲಿ ನಡೆಯುತ್ತಿದ್ದುದೆಲ್ಲ ಅಂದಾಜಿನ ಕಾಯಿದೆ. ಬೆಣ್ಣೆ ಎಷ್ಟು ಎಂದರೆ ಕೈತುಂಬ ಬೇಡ, ಬೆರಳ ತುದಿಯಷ್ಟೂ ಸಾಲದು. ಹಾಲು ಎಷ್ಟು ಎಂದರೆ ಕುಡಿಯುವಷ್ಟಲ್ಲ, ಕಲಸುವಷ್ಟು.

"ಮೈದಾ ಹುರಿದಿದ್ದು ಸಾಕಾ ಅಂತ ಹೆಂಗೆ ಗೊತ್ತಾಗುತ್ತೆ?"

"ಹದಕ್ಕೆ ಬಂದಾಗ ಗೊತ್ತಾಗುತ್ತೆ."

"ಯಾರಿಗೆ?"

ಲಿಫ್ಟಣ್ಣ ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಸುರಿದ. ಸ್ವಲ್ಪ ಸ್ವಲ್ಪವಾಗಿ ಹಾಕಬೇಕು ಎಂದು ಅವಳು ಕೂಗುವಷ್ಟರಲ್ಲಿ ಪೂರ್ತಿ ಸುರಿದಾಗಿತ್ತು. ಸಾಸಿನಲ್ಲಿ ಗೋಲಿಯಾಟದ ಗೋಲಿಗಳಂಥ ಗಂಟುಗಳು ತೇಲಿದವು. ಚಮಚದಲ್ಲಿ ಒಂದನ್ನು ಅದುಮಿದರೆ ಪಕ್ಕದಲ್ಲಿ ಎರಡು ಎದ್ದವು. ಅಷ್ಟರಲ್ಲಿ ಪಾಸ್ತಾ ಕುದಿಯುತ್ತಿತ್ತು. ಅದನ್ನು ಪೂರ್ತಿ ಬೇಯಿಸಬಾರದು, ಇನ್ನೂ ಹಲ್ಲಿಗೆ ಸಿಗುವಾಗಲೇ ಇಳಿಸಬೇಕು, ಉಳಿದದ್ದು ಓವನ್ನಿನಲ್ಲಿ ಬೇಯುತ್ತದೆ ಎಂದು ಹೆಂಡತಿ ಮೂರು ಸಲ ಹೇಳಿದ್ದಳು. ಸರಿಯಾಗಿ ಇಳಿಸುವ ಹೊತ್ತಿಗೆ ಜೇಬಿನ ಫೋನು ಹೊಡೆದುಕೊಂಡಿತು. ಕೈಯೆಲ್ಲ ಮೈದಾ. ಮೊಣಕೈಯಿಂದ ಅದುಮಿ ಎತ್ತಿದರೆ ಸೂಪರ್‌ವೈಸರ್.

"ಅಣ್ಣಾ, ನಾಳೆ ಬೆಳಗ್ಗೆ ಸ್ವಲ್ಪ ಬೇಗ ಬರ್ತೀರಾ? ಬಟ್ಟೆ ಅಂಗಡಿ ಲಿಫ್ಟು ಮತ್ತೆ ನಿಂತಿದೆಯಂತೆ."

"ನಾನೀಗ ಪಾಸ್ತಾ ಇಳಿಸ್ತಾ ಇದೀನಿ."

"ಏನಿಳಿಸ್ತಾ ಇದೀರಿ?"

ಅದನ್ನು ವಿವರಿಸಿ ಫೋನಿಡುವ ಹೊತ್ತಿಗೆ ಪಾಸ್ತಾ ಹಲ್ಲಿಗೆ ಸಿಗುವ ವಯಸ್ಸು ದಾಟಿ ಮೆತ್ತಗಾಗಿತ್ತು. ನೀರು ಬಸಿಯಲು ಹೋದರೆ ಅರ್ಧ ಜರಡಿಯಲ್ಲಿ, ಅರ್ಧ ಸಿಂಕಿನಲ್ಲಿ. ಹೂಕೋಸು ಕತ್ತರಿಸುವಾಗ ಒಂದು ಹಸಿರು ಹುಳ ತಲೆಯೆತ್ತಿ ಅವನನ್ನು ನೋಡಿತು. ಚೀಸು ತುರಿಯುವಾಗ ಬೆರಳ ಗಂಟಿನ ಚರ್ಮವೂ ಒಂದಿಷ್ಟು ಹೋಯಿತು. ಹೊರಗಿನ ಕುರ್ಚಿಯಿಂದ ಮಾತು ಬರುತ್ತಲೇ ಇತ್ತು. ಕ್ಯಾರೆಟ್ಟು ದಪ್ಪ ಆಯಿತೇನೋ, ಬಟಾಣಿ ತೊಳೆದ್ರಾ, ಟ್ರೇಗೆ ಬೆಣ್ಣೆ ಸವರಿದ್ರಾ, ಉಪ್ಪು ಹಾಕಿದ್ರಾ.

"ನೀನು ಸ್ವಲ್ಪ ಸುಮ್ನಿದ್ರೆ ಎಲ್ಲಾ ಹಾಕ್ತೀನಿ," ಎಂದ ಲಿಫ್ಟಣ್ಣ, ಹಲ್ಲಿನ ಸಂದಿಯಿಂದ.

ಅವಳು ಸುಮ್ಮನಾದಳು. ಅವನು ಉಪ್ಪು ಹಾಕುವುದನ್ನು ಮರೆತ.

ಅಂತೂ ಎಲ್ಲವೂ ಟ್ರೇಗೆ ಬಿತ್ತು. ಕೆಳಗೆ ತರಕಾರಿ, ಮೇಲೆ ಪಾಸ್ತಾ, ಅದರ ಮೇಲೆ ಗಂಟುಗಂಟಾದ ಬಿಳಿ ಸಾಸು, ಎಲ್ಲ ತಪ್ಪುಗಳನ್ನೂ ಮುಚ್ಚುವಂತೆ ಚೀಸು. ಓವನ್ನಿನ ಬಾಗಿಲು ಮುಚ್ಚಿ, ಗುಬುಟನ್ನು ಆಸ್ಪತ್ರೆಯ ದಿಕ್ಕಿಗೆ ತಿರುಗಿಸಿ, ಬೆನ್ನು ನೇರ ಮಾಡಿದ. ಸುತ್ತ ನೋಡಿದರೆ ಅಡುಗೆಮನೆಯಲ್ಲಿ ಯುದ್ಧ ಮುಗಿದಂತಿತ್ತು. ಇನ್ನು ಐದು ನಿಮಿಷ ಗೋಡೆಗೊರಗಿ ಕೂರೋಣ ಎಂದು ಕೂರುವಷ್ಟರಲ್ಲಿ ಹೊರಬಾಗಿಲು ಬಡಿದ ಸದ್ದು. ಮಗಳು ಹೋಗಿ ತೆರೆದು, ಓಡಿ ಬಂದಳು.

"ಅಪ್ಪ, ಲಿಫ್ಟು ಇವತ್ತು ಸಾಯಂಕಾಲ ಸರಿಮಾಡಿ ಹೋಗಿದ್ರಂತೆ. ಈಗ ಸೆಕ್ರೆಟರಿ ಅಂಕಲ್ ಒಳಗೆ ಸಿಕ್ಕಾಕ್ಕೊಂಡಿದಾರಂತೆ. ಎಲ್ಲಾರೂ ನಿನ್ನ ಕರೀತಿದಾರೆ."

ಸೆಕ್ರೆಟರಿ ಎಂದರೆ ಆ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ನೀವಿದ್ದೂ ನಮಗೆ ಈ ಗತಿನಾ ಎಂದು ವಾರವಿಡೀ ಕೇಳಿದವರಲ್ಲಿ ಮೊದಲಿಗರು.

"ಹೇಳಮ್ಮ, ಅಪ್ಪ ಅಡುಗೆ ಮಾಡ್ತಿದಾರೆ ಅಂತ."

ಹಾಗೆ ಹೇಳಿದನೇ ಹೊರತು ಅವನಿಗೆ ಕೂರಲಾಗಲಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಮನುಷ್ಯ ಸಿಕ್ಕಿಕೊಂಡಿದ್ದಾನೆ ಎಂದರೆ ಅವನ ಕಾಲು ತಾನಾಗಿಯೇ ಏಳುತ್ತಿತ್ತು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದಳು ಹೆಂಡತಿ ಕುರ್ಚಿಯಿಂದ.

"ಬಂದೆ. ಚೀಸು ಕೆಂಪಗಾದ್ರೆ ಆರಿಸು ಅಂತ ಮಗೂಗೆ ಹೇಳು," ಎಂದು ಅವನು ಹೊರಟ.

ಲಿಫ್ಟು ಅವನ ಮನೆಗಿಂತ ಒಂದು ಮಹಡಿ ಕೆಳಗೆ, ಎರಡು ಬಾಗಿಲುಗಳ ನಡುವೆ ನಿಂತಿತ್ತು. ಹೊರಗೆ ನೆರೆಹೊರೆಯವರ ಗುಂಪು. ಲಿಫ್ಟಣ್ಣ ಬಾಗಿಲಿಗೆ ಕಿವಿಯಿಟ್ಟು ಕೇಳಿದ, ಬೆಳಕು, ಗಾಳಿ ಇದೆಯೇ ಎಂದು ವಿಚಾರಿಸಿದ. ಇದೆ ಎಂದರು ಸೆಕ್ರೆಟರಿ. ಆ ಕಂಪನಿಗೆ ಫೋನು ಹೋಗಿತ್ತು, ಜನ ಹೊರಟಿದ್ದರು. ಅರ್ಧದಲ್ಲಿ ನಿಂತ ಲಿಫ್ಟಿನಿಂದ ಮನುಷ್ಯರನ್ನು ಎಳೆದು ತೆಗೆಯಲು ಹೋಗಿ ಏನೇನಾಗುತ್ತದೆ ಎಂಬುದನ್ನು ಲಿಫ್ಟಣ್ಣ ಕೆಲಸಕ್ಕೆ ಸೇರಿದ ಹೊಸದರಲ್ಲೇ ಒಮ್ಮೆ ಕಂಡಿದ್ದ. ಮೇಲಿನ ಮಷಿನ್ ರೂಮಿನ ಬೀಗದ ಕೈಯೂ ಅವನಲ್ಲಿರಲಿಲ್ಲ. ಕಾಯುವುದೇ ಸರಿ ಎಂದು ಬಾಗಿಲ ಮುಂದೆ ಕೂತ.

"ಸಾರ್, ಗಾಬರಿ ಬೇಡ. ಕೆಳಗೆ ಬೀಳಲ್ಲ ಅದು. ಕೂತ್ಕೊಳ್ಳಿ."

"ಕೂತಿದೀನಿ. ನೀವು ಹೋಗಬೇಡಿ ಲಿಫ್ಟಣ್ಣ."

"ಇಲ್ಲೇ ಇದೀನಿ ಸಾರ್."

ಇಲ್ಲೇ ಇದ್ದ, ಆದರೆ ಮನಸ್ಸು ಓವನ್ನಿನಲ್ಲಿ. ಬರುವವರು ಬರಲೊಲ್ಲರು. ಸೆಕ್ರೆಟರಿ ಒಳಗಿನಿಂದ ತಮ್ಮ ರಕ್ತದೊತ್ತಡದ ಚರಿತ್ರೆ ಹೇಳುತ್ತಿದ್ದರು. ಲಿಫ್ಟಣ್ಣ ಹೂಂಗುಟ್ಟುತ್ತಾ ಪಕ್ಕಕ್ಕೆ ತಿರುಗಿದರೆ, ಗುಂಪಿನ ನಡುವೆ ಬಾಳೆಹಣ್ಣು ತಿನ್ನುತ್ತಾ ತಮಾಷೆ ನೋಡುತ್ತಿದ್ದಾಳೆ ಮಗಳು.

"ನೀನ್ಯಾಕೆ ಇಲ್ಲಿದೀಯಾ?"

"ಓದಿ ಓದಿ ತಲೆನೋವು ಬಂತಪ್ಪ. ಐದು ನಿಮಿಷ."

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಸೆಕ್ರೆಟರಿಯ ಧ್ವನಿ ಬದಲಾಯಿತು. "ಲಿಫ್ಟಣ್ಣ, ಏನೋ ಸೀದ ವಾಸನೆ ಬರ್ತಿದೆ. ಮೋಟರ್ ಸುಡ್ತಾ ಇದೆಯೇನ್ರೀ?"

ಲಿಫ್ಟಣ್ಣ ಮೂಗೆತ್ತಿದ.

"ಮೋಟರಲ್ಲ ಸಾರ್. ನಮ್ಮನೆ ಚೀಸು."

"ನನ್ನ ಬಿಟ್ಟು ಹೋಗ್ತೀರಾ?" ಎಂಬ ಮಾತು ಹಿಂದಿನಿಂದ ಕೇಳುತ್ತಿದ್ದಂತೆಯೇ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದ. ಮಗಳು ಹಿಂದೆಯೇ ಓಡಿದಳು.

ಹಾಲಿನ ಕುರ್ಚಿ ಖಾಲಿ ಇತ್ತು. ಅಡುಗೆಮನೆಯಲ್ಲಿ ಹೊಗೆ. ಓವನ್ನಿನ ಬಾಗಿಲು ತೆರೆದು, ಅದರ ಮುಂದೆ ಪೂರ್ತಿ ಬಗ್ಗಿ, ಕೈಗೆ ಬಟ್ಟೆ ಸುತ್ತಿಕೊಂಡು ಅವನ ಹೆಂಡತಿ ಟ್ರೇಯ ಅಂಚನ್ನು ತಡಕಾಡುತ್ತಿದ್ದಳು. ಬಿಸಿ ಹಬೆ ನೇರವಾಗಿ ಮುಖಕ್ಕೆ ಹೊಡೆಯುತ್ತಿತ್ತು. ಕಪ್ಪು ಕನ್ನಡಕದ ಮೇಲೆಲ್ಲ ಮಂಜು.

ಲಿಫ್ಟಣ್ಣ ಅವಳ ಭುಜ ಹಿಡಿದು ಹಿಂದಕ್ಕೆ ಸರಿಸಿ, ಅವಳ ಕೈಯ ಬಟ್ಟೆ ಕಿತ್ತುಕೊಂಡು ಟ್ರೇ ಎಳೆದು ಒಲೆಯ ಮೇಲೆ ಕುಕ್ಕಿ, ಗುಬುಟು ಆರಿಸಿದ. ಅಲ್ಲಿಯವರೆಗೆ ವಾರವಿಡೀ ಒಳಗೊಳಗೇ ಕುದಿದದ್ದೆಲ್ಲ ಆಗ ಉಕ್ಕಿತು.

"ಬಗ್ಗಬೇಡ ಅಂತ ಎಷ್ಟು ಸಲ ಹೇಳಿದಾರೆ? ಒಲೆ ಹತ್ರ ಬರಬೇಡ ಅಂತ ಎಷ್ಟು ಸಲ ಹೇಳಿದಾರೆ? ಯಾಕೆ ನಾನು ಇಷ್ಟೆಲ್ಲಾ ಒದ್ದಾಡ್ತಾ ಇರೋದು? ಸುಟ್ಟುಹೋಗ್ಲಿ, ಮನೆನೇ ಸುಟ್ಟುಹೋಗ್ಲಿ, ನಿನಗೇನು ಕೆಲಸ ಇಲ್ಲಿ?"

"ಕೂಗಿದೆ. ಯಾರೂ ಇರಲಿಲ್ಲ. ಸೀದು ಕರಕಲಾಗೋವರೆಗೂ ಕೂತಿರ್ಲಾ?"

"ಕೂತಿರು. ಕೂರೋದೊಂದೇ ನಿನಗೆ ಹೇಳಿರೋದು. ಕಣ್ಣಿಗೆ ಏನಾದ್ರೂ ಆದ್ರೆ?"

"ಏನಾಗೋಕಿದೆ ಇನ್ನ," ಎಂದಳು ಅವಳು. ಗೋಡೆಗೆ ಒರಗಿ ನಿಂತಿದ್ದಳು. "ಆ ಕಣ್ಣಲ್ಲಿ ನನಗೇನೂ ಕಾಣ್ತಾ ಇಲ್ಲ ರೀ. ಮೊದಲು ಮಂಜಾದ್ರೂ ಇತ್ತು. ಈಗ ಬರೀ ಬಿಳೀ ಗೋಡೆ."

ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. ಲಿಫ್ಟಣ್ಣನ ಕೈಯಲ್ಲಿ ಬಟ್ಟೆ ಹಾಗೇ ಇತ್ತು.

"ಯಾವಾಗಿಂದ?"

"ಆಪರೇಷನ್ ಆದಾಗಿಂದ. ಮರುದಿನ ಡಾಕ್ಟರು ಮಬ್ಬು ಇರುತ್ತೆ, ಹೋಗುತ್ತೆ ಅಂದ್ರಲ್ಲ. ಹೋಗ್ಲಿಲ್ಲ. ದಿನಾ ಬೆಳಗ್ಗೆ ಎದ್ದು ಮೊದಲು ಮಷಿನ್ನಿನ ಕಡೆ ನೋಡ್ತೀನಿ."

"ನನಗ್ಯಾಕೆ ಹೇಳ್ಲಿಲ್ಲ?"

"ಯಾವಾಗ ಹೇಳ್ಲಿ? ನೀವು ಬರ್ತೀರಿ, ಕೈಕಾಲು ತೊಳೀತೀರಿ, ಒಲೆ ಜೊತೆ ಜಗಳಕ್ಕೆ ನಿಲ್ತೀರಿ. ಅಲ್ಲಿಂದಾಚೆಗೆ ನಾನು ಉಪ್ಪು, ಬೆಣ್ಣೆ ಅಂತ ಕೂಗ್ತಾ ಇರ್ತೀನಿ. ಕೂಗದೆ ಸುಮ್ನೆ ಕೂತ್ರೆ ಅದೇ ಯೋಚನೆ ಬರುತ್ತೆ."

ಲಿಫ್ಟಣ್ಣ ಅವಳನ್ನು ಕುರ್ಚಿಗೆ ಕೂರಿಸಿದ. ಮಗಳು ನೀರು ತಂದುಕೊಟ್ಟಳು. ಅವನಿಗೆ ಬಂದ ಸಿಟ್ಟು ಇಳಿದಿರಲಿಲ್ಲ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಎದೆಯಲ್ಲೇ ಸುತ್ತುತ್ತಿತ್ತು. ದಿಂಬನ್ನು ಹಿಡಿದುಕೊಂಡಿದ್ದ ಆ ಕೈ ಈಗ ಅವನ ತಲೆಯವರೆಗೆ ಬಂದು ಮುಟ್ಟಿತು. ಜೇಬಿನಿಂದ ಫೋನು ತೆಗೆದು ಸೂಪರ್‌ವೈಸರನಿಗೆ ಹೊಡೆದ.

"ನಾಳೆ ನಾನು ಬರಲ್ಲ."

"ಅಣ್ಣಾ, ಅದೇ ಹೇಳಿದ್ನಲ್ಲ, ನಾಳೆ ಒಂದಿನ..."

"ಕೇಳ್ತಾ ಇಲ್ಲಪ್ಪ ನಾನು. ಹೇಳ್ತಾ ಇದೀನಿ. ಬಟ್ಟೆ ಅಂಗಡಿಯವರು ಒಂದಿನ ಮೆಟ್ಟಿಲು ಹತ್ತಲಿ. ನಾನು ಒಂದು ವಾರದಿಂದ ಹತ್ತುತಾ ಇದೀನಿ."

ಆ ಕಡೆಯಿಂದ ಅಣ್ಣಾ ಎಂಬ ಶಬ್ದ ಇನ್ನೊಮ್ಮೆ ಬರುವುದರೊಳಗೆ ಫೋನಿಟ್ಟ. ಇಷ್ಟು ವರ್ಷದ ಕೆಲಸದಲ್ಲಿ ಮೇಲಿನವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ಎದೆ ಹಗುರವಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಆದರೂ ಹೇಳಿದ್ದು ಹೇಳಿಯಾಗಿತ್ತು.

ಕೆಳಗೆ ಆ ಕಂಪನಿಯವರು ಬಂದು ಸೆಕ್ರೆಟರಿಯನ್ನು ಹೊರಗೆ ತೆಗೆದ ಸದ್ದು ಕೇಳಿಸಿತು. ಮನೆಗೆ ಹೋಗುವ ಮೊದಲು ಅವರು ಮೇಲಿನವರೆಗೂ ಹತ್ತಿ ಬಂದು ಬಾಗಿಲಲ್ಲಿ ನಿಂತು, "ಆಪತ್ಕಾಲದಲ್ಲಿ ಅಡುಗೆ ನೋಡೋಕೆ ಹೋದ್ರಲ್ಲ ಮಾರಾಯರೇ," ಎಂದರು. ಲಿಫ್ಟಣ್ಣ ಬಾಗಿಲನ್ನು ಮೆಲ್ಲಗೆ ಮುಚ್ಚಿದ.

ಟ್ರೇಯ ಮೇಲ್ಭಾಗ ಇದ್ದಿಲಾಗಿತ್ತು. ಚಾಕುವಿನಿಂದ ಅದನ್ನು ಕೆರೆದು ತೆಗೆದ. ಅಂಚು ಚಕ್ಕೆ, ತಳ ಗಟ್ಟಿ. ನಡುವೆ ಮಾತ್ರ ಒಂದಿಷ್ಟು ಭಾಗ ಮೆತ್ತಗೆ, ಬಿಸಿಯಾಗಿ, ಹೂಕೋಸು ಬಟಾಣಿಗಳ ಸಮೇತ ಉಳಿದಿತ್ತು. ಅದನ್ನು ಮೂರು ತಟ್ಟೆಗೆ ಹಾಕಿದ. ಹೆಂಡತಿ ಒಂದು ತುತ್ತು ತಿಂದು, ಸ್ವಲ್ಪ ಹೊತ್ತು ಅಗಿದು, ಉಪ್ಪಿನ ಡಬ್ಬಿಗಾಗಿ ಮೇಜಿನ ಮೇಲೆ ಕೈಯಾಡಿಸಿದಳು. ಅವನೇ ಎತ್ತಿ ಕೊಟ್ಟ.

"ಸಾಸಲ್ಲಿ ಇರೋ ಈ ಉಂಡೆಗಳು ಏನಪ್ಪ?" ಎಂದು ಮಗಳು ಕೇಳಿದಳು.

"ತಿನ್ನು. ಹದ ಅಂದ್ರೆ ಅದೇ."

ಗುರುವಾರ ಮಗಳು ಪರೀಕ್ಷೆಗೆ ಹೋದಳು. ಲಿಫ್ಟಣ್ಣ ಹೆಂಡತಿಯ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದ. ಲಿಫ್ಟು ಓಡುತ್ತಿತ್ತು, ಆದರೆ ಅವಳು ಅದನ್ನು ಹತ್ತಲು ಒಪ್ಪಲಿಲ್ಲ. ಡಾಕ್ಟರ ಮುಂದೆ ಅವಳ ಬಾಯಿಂದ ಮಾತು ಹೊರಡದೆ ಅವನೇ ಎಲ್ಲ ಹೇಳಿದ. ಬಿಳಿ ಗೋಡೆ, ಓವನ್ನಿನ ಹಬೆ, ಬಗ್ಗಿದ್ದು, ಎಲ್ಲ. ಹೇಳುವಾಗ ತಾನೇ ಅಪರಾಧಿಯಂತೆ ಕೈ ಕಟ್ಟಿಕೊಂಡಿದ್ದ.

ಡಾಕ್ಟರು ಬಹಳ ಹೊತ್ತು ಪರೀಕ್ಷಿಸಿದರು. ಕಣ್ಣಿನ ಮುಂದಿನ ಗಾಜಿನಂಥ ಪದರ ಊದಿಕೊಂಡಿದೆ, ಕೆಲವರಿಗೆ ಆಪರೇಷನ್ ಆದಮೇಲೆ ಹೀಗಾಗುತ್ತದೆ, ಹಬೆಯಿಂದ ಬಂದದ್ದಲ್ಲ ಎಂದರು. ಬೇರೆ ಔಷಧಿ ಬರೆದರು. ನಿಧಾನವಾಗಿ ಊತ ಇಳಿದು ದೃಷ್ಟಿ ಬರಬೇಕು, ಇವತ್ತು ಬಂದದ್ದು ಒಳ್ಳೆಯದಾಯಿತು, ತಡಮಾಡಿದ್ದರೆ ಕಷ್ಟವಿತ್ತು ಎಂದರು. ಹೆಂಡತಿ ಅವನ ಶರಟಿನ ತೋಳು ಹಿಡಿದುಕೊಂಡಳು. ಲಿಫ್ಟಣ್ಣ ದೊಡ್ಡದಾಗಿ ಉಸಿರುಬಿಟ್ಟ.

"ಆದ್ರೆ ಒಲೆ ಕೆಲಸ," ಎಂದು ಡಾಕ್ಟರು ಲಿಫ್ಟಣ್ಣನ ಕಡೆ ತಿರುಗಿದರು, "ಇನ್ನೊಂದು ತಿಂಗಳು ನೀವೇ ನೋಡ್ಕೋಬೇಕು."

ಬಿಟ್ಟ ಉಸಿರನ್ನು ಲಿಫ್ಟಣ್ಣ ಅರ್ಧದಲ್ಲೇ ಹಿಡಿದುಕೊಂಡ.

ಸುಟ್ಟ ಟ್ರೇ ಹೇಳಿದ ಮಾತಿಗೆ ತಪ್ಪದೆ ಮೂರು ದಿನ ನಡೆಯಿತು. ಮೊದಲ ದಿನ ನಡುಭಾಗ, ಎರಡನೇ ದಿನ ತಳ, ಮೂರನೇ ದಿನ ಯಾರೂ ಮುಟ್ಟದ ಮೂಲೆಗಳು. ಸೂಪರ್‌ವೈಸರ್ ಬಾಯಲ್ಲಿ ಒಂದೂ ಕೆಟ್ಟ ಮಾತಾಡಲಿಲ್ಲ. ಅಣ್ಣಾ, ಅತ್ತಿಗೆ ಹೇಗಿದ್ದಾರೆ ಎಂದು ವಿಚಾರಿಸಿ, ಭಾನುವಾರದ ಡ್ಯೂಟಿ ಹಾಕಿದ. ಮೂರು ಕಟ್ಟಡ, ಒಬ್ಬನೇ. ಲಿಫ್ಟಣ್ಣ ಜಗಳಕ್ಕೆ ಹೋಗಲಿಲ್ಲ. ಒಂದು ಸಲ ಇಲ್ಲ ಎಂದವನಿಗೆ ಎರಡನೇ ಸಲ ಇಲ್ಲ ಎನ್ನಲು ಇನ್ನೂ ಧೈರ್ಯ ಕೂಡಿರಲಿಲ್ಲ.

ಭಾನುವಾರ ಮಧ್ಯಾಹ್ನ ಯಾವುದೋ ಕಟ್ಟಡದ ಟೆರೇಸಿನ ಮಷಿನ್ ರೂಮಿನಲ್ಲಿ, ಸುಟ್ಟ ವೈರ್ ಬಿಚ್ಚುತ್ತಾ ಕೂತಿದ್ದಾಗ ಮನೆಯಿಂದ ಫೋನು ಬಂತು. ಗಾಬರಿಯಿಂದಲೇ ಎತ್ತಿದ.

"ರೀ, ಎಡಗಣ್ಣು ಮುಚ್ಕೊಂಡು ನೋಡಿದೆ," ಎಂದಳು ಹೆಂಡತಿ. "ಕಿಟಕಿ ಸರಳು ಕಾಣ್ತು. ಪೂರ್ತಿ ಅಲ್ಲ. ಆದ್ರೆ ಒಂದೊಂದೇ ಎಣಿಸಬಹುದು."

ಲಿಫ್ಟಣ್ಣ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ.

"ಒಳ್ಳೇದಾಯ್ತು," ಎಂದ. "ಒಳ್ಳೇದಾಯ್ತು ಕಣೆ."

"ಏನೊಳ್ಳೇದು? ಆಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಹೋಗ್ಲಿಲ್ಲ, ಬೈಬೇಡಿ. ಏನ್ರೀ ಮಾಡಿಟ್ಟಿದೀರಿ ಅದನ್ನ? ಗೋಡೆಗೆಲ್ಲಾ ಮೈದಾ ಒಣಗಿ ಅಂಟಿದೆ. ಆ ಬಾಣಲೆಗಳು ಇನ್ನೂ ನೆಲದ ಮೇಲೇ ಕೂತಿವೆ."

"ಬಂದು ತೊಳೀತೀನಿ."

"ಯಾವಾಗ ಬರ್ತೀರಿ?"

ಇನ್ನೂ ಒಂದು ಕಟ್ಟಡ ಬಾಕಿ ಇತ್ತು. ಕೆಳಗಿನಿಂದ ಕಾವಲುಗಾರ, ಲಿಫ್ಟು ಯಾವಾಗ ಓಡುತ್ತೆ ಎಂದು ಕೂಗುತ್ತಿದ್ದ. ಲಿಫ್ಟಣ್ಣ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಇನ್ನೊಂದು ವೈರು ಹಿಡಿದ.

"ಬರ್ತೀನಿ, ಬರ್ತೀನಿ. ಅಲ್ಲೀವರೆಗೂ ಆ ಕಣ್ಣು ಮುಚ್ಕೊಂಡಿರು," ಎಂದ.